ಅಮ್ಮಮ್ಮನ ಲಿಂಗ

ಶಿವರಾತ್ರಿಯ ಬೆಳಗಿನಲ್ಲಿ ಶಾಲ್ಮಲೆ ಹೊಳೆಗೆ ಕಾಲಿಟ್ಟಾಗ ಮೊಣಕಾಲಿಗೆ ಏರಿದ ತಂಪು ಇನ್ನೂ ಇಳಿದಿಲ್ಲ. ಊರಿಗೆ ಮರಳಿ ನಾಲ್ಕು ದಿನವಾಯಿತು. ಬಿಸಿನೀರಿನ ಸ್ನಾನ ಮುಗಿಸಿ ದೇವರ ಮುಂದೆ ಕುಳಿತರೂ ಕಣ್ಣು ಮುಚ್ಚಿದೊಡನೆ ಪಾದದ ಕೆಳಗೆ ನುಣುಪಾದ ಬಂಡೆ, ಹಿಮ್ಮಡಿಯನ್ನು ತಡವಿಕೊಂಡು ಹೋಗುವ ನೀರು. ಎಷ್ಟೋ ತಿಂಗಳಿಂದ ಬಾಯಿ ಮಾತ್ರ ಹೇಳುತ್ತಿದ್ದ ಪಂಚಾಕ್ಷರಿ ಅಲ್ಲಿ ತಾನಾಗಿಯೇ ಒಳಗಿನಿಂದ ಎದ್ದು ಬಂದಿತ್ತು.

ಶಿರಸಿಯ ಸಮೀಪದ ಸಹಸ್ರಲಿಂಗವನ್ನು ಬಲ್ಲವರಿಗೆ ಬಲ್ಲದ್ದನ್ನೇ ಹೇಳುವುದಿಲ್ಲ. ಸೋದೆಯ ಅರಸ ಸದಾಶಿವರಾಯ ಕೆತ್ತಿಸಿದನೆಂದು ಹೇಳುವ ಲಿಂಗಗಳು, ಎದುರಿಗೆ ನಂದಿಗಳು, ಎಲ್ಲವೂ ಹೊಳೆಯ ಬಂಡೆಗಳ ಮೇಲೆಯೇ. ಗರ್ಭಗುಡಿಯಿಲ್ಲ, ಬಾಗಿಲಿಲ್ಲ, ಸರದಿಯೂ ಇಲ್ಲ. ಮಳೆಗಾಲದಲ್ಲಿ ಮುಳುಗಿದವನು ಬೇಸಿಗೆಯ ಹೊತ್ತಿಗೆ ಒಬ್ಬೊಬ್ಬನಾಗಿ ಮೇಲೇಳುತ್ತಾನೆ. ನಾವು ಒಂದು ದಿನ ಚೆಂಬು ಹಿಡಿದು ಹೋಗಿ ಅಭಿಷೇಕ ಮಾಡಿದೆವೆಂದು ಬೀಗುತ್ತೇವೆ. ಉಳಿದ ದಿನಗಳ ಅಭಿಷೇಕವನ್ನು ಹೊಳೆಯೇ ನೋಡಿಕೊಳ್ಳುತ್ತದೆ.

ಅಮ್ಮಮ್ಮನಿಗೆ ಇಲ್ಲಿ ಒಂದು ಲಿಂಗ ಗೊತ್ತಾಗಿತ್ತು. ದಂಡೆಯ ಹತ್ತಿರ, ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕದು, ತಲೆಯ ಒಂದು ಮಗ್ಗುಲು ಸವೆದಿದೆ. ದೊಡ್ಡ ಲಿಂಗಗಳಿಗೆ ಎಲ್ಲರೂ ಇದ್ದಾರೆ, ಇವನಿಗೆ ಯಾರು ಎನ್ನುವುದು ಅವಳ ವಾದ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಅಡಿಕೆ ಹಾಳೆಯ ದೊನ್ನೆಯಲ್ಲಿ ನೀರು ಮೊಗೆದು, ಸುಲಿದ ಅಡಿಕೆಯ ಕಲೆ ಹೋಗದ ಬೆರಳುಗಳಿಂದ ಅವನ ನೆತ್ತಿಯನ್ನು ಉಜ್ಜುತ್ತಿದ್ದಳು. ಮೊಮ್ಮಕ್ಕಳ ತಲೆಗೆ ಎಣ್ಣೆ ತಿಕ್ಕುವಾಗಲೂ ಅದೇ ಜೋರು. ಪಾಚಿ ಪೂರ್ತಿ ಹೋಗುವವರೆಗೆ ಮಂತ್ರವಿಲ್ಲ.

ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಬೇಕೆಂಬ ಆಸೆ ಅವಳಿಗೆ ಕೊನೆಗೂ ಕೈಗೂಡಲಿಲ್ಲ. ಕೊಟ್ಟಿಗೆ, ಬಾಣಂತನ, ಬೇರೆಯವರ ಕಾಯಿಲೆ, ಪ್ರತಿ ವರ್ಷವೂ ಒಂದು ಅಡ್ಡಿ. ನಾವು ಮರುಗಿದರೆ ನಗುತ್ತಿದ್ದಳು. “ಗಣಪತಿ ಇಟ್ಟ ಲಿಂಗ ಅದು, ರಾವಣನಿಗೇ ಎತ್ತಲಾಗಲಿಲ್ಲ. ಎಲ್ಲಿಗೂ ಹೋಗುವುದಿಲ್ಲ, ಇರುತ್ತದೆ.” ಆಮೇಲೆ ಒಂದು ಬಿಲ್ವಪತ್ರೆಯನ್ನು ಹೊಳೆಗೆ ಬಿಡುತ್ತಿದ್ದಳು. ಶಾಲ್ಮಲೆ ಬೇಡ್ತಿಯನ್ನು ಸೇರುತ್ತದೆ, ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗುತ್ತದೆ, ಗಂಗಾವಳಿ ಗೋಕರ್ಣದ ಬಡಗಣಕ್ಕೆ ಸಮುದ್ರ ಕೂಡುತ್ತದೆ. ಶಾಲೆ ಕಾಣದವಳಿಗೆ ಭೂಪಟ ಬಾಯಿಪಾಠವಾಗಿತ್ತು.

ಈ ಸಲ ಆ ಲಿಂಗ ಬೇಗ ಸಿಗಲಿಲ್ಲ. ಸಿಕ್ಕಿದ್ದು ಹಾಲಿನ ಪ್ಲಾಸ್ಟಿಕ್ ಕವರ್, ಊದುಬತ್ತಿಯ ಪೊಟ್ಟಣ, ಅರ್ಧ ಕರಗಿದ ಕರ್ಪೂರದ ಡಬ್ಬಿ. ನಂದಿಯ ಬೆನ್ನ ಮೇಲೆ ಕಾಲಿಟ್ಟು ಮೊಬೈಲ್ ಎತ್ತಿ ಹಿಡಿದ ಹುಡುಗರಿಗೆ ಇಳಿಯಿರೆಂದೆ, ಇಳಿದರು. ನಾನು ತಿರುಗಿದ ಮೇಲೆ ಮತ್ತೆ ಹತ್ತಿರಬೇಕು. ಮಡಿ ಬಿಟ್ಟರೆಂದು ನನಗೆ ಬೇಸರವಿಲ್ಲ. ದೇವರ ನೀರಿಗೆ ಉಗುಳಬಾರದೆಂಬ ಅಂಜಿಕೆಯನ್ನೂ ಬಿಟ್ಟಿದ್ದೇವಲ್ಲ, ಅದು ಚುಚ್ಚುತ್ತದೆ. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಗೆ ಅಡ್ಡ ನಿಂತ ಸೀಮೆ ಇದು. ಆ ಸುದ್ದಿ ಕೇಳಿ ಅಮ್ಮಮ್ಮ ಹೇಳಿದ್ದಳಂತೆ: “ಜಟೆಯನ್ನೇ ಬೋಳಿಸಿದರೆ ಗಂಗೆ ಎಲ್ಲಿ ನಿಲ್ಲಬೇಕು?”

ಕೊನೆಗೆ ಅವನು ಸಿಕ್ಕಿದ್ದು ಕಣ್ಣಿಗಲ್ಲ, ಕೈಗೆ. ನೀರೊಳಗೆ ತಡಕಾಡುವಾಗ ಸವೆದ ಆ ಮಗ್ಗುಲು ಬೆರಳಿಗೆ ತಗಲಿತು. ಪಾಚಿ ಉಜ್ಜಿದೆ. ಕಲ್ಲು ಎಷ್ಟು ತಣ್ಣಗಿತ್ತೆಂದರೆ ಮೊದಲು ಬೆರಳು ನೋಯಿತು, ಆಮೇಲೆ ಬೆರಳೆಲ್ಲಿ ಮುಗಿಯಿತು, ಕಲ್ಲೆಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ. ಅಭ್ಯಾಸದಂತೆ ಏನನ್ನಾದರೂ ಬೇಡಿಕೊಳ್ಳಬೇಕಿತ್ತು, ಯಾವುದೂ ನೆನಪಾಗಲಿಲ್ಲ.

ತಂದಿದ್ದ ಪತ್ರೆಯೊಂದನ್ನು ನೀರಿಗೆ ಬಿಟ್ಟೆ. ಅದು ನಾಲ್ಕು ಮಾರು ಹೋಗಿ ಒಂದು ನಂದಿಯ ಕೊರಳಿಗೆ ಅಂಟಿಕೊಂಡು ನಿಂತಿತು. ಅಮ್ಮಮ್ಮನಾಗಿದ್ದರೆ ಕೋಲು ಹುಡುಕಿ ತಳ್ಳುತ್ತಿದ್ದಳು. ನಾನು ಬಂಡೆಯ ಮೇಲೆ ಕುಳಿತು ಕಾದೆ. ತೂಗುಸೇತುವೆಯ ಮೇಲಿನ ಬಿಸಿಲು ನೀರಿಗಿಳಿಯುವ ಹೊತ್ತಿಗೆ ಸಣ್ಣದೊಂದು ಅಲೆ ಬಂದು ಎಲೆಯನ್ನು ಬಿಡಿಸಿಕೊಂಡು ಪಡುವಣಕ್ಕೆ ಹೊರಟಿತು.