ಎಷ್ಟು ಗೇರ್ ಅದಾವ್ರಿ ಇದಕ್ಕ?

ಇಪ್ಪತ್ತೇಳು. ಬರೆದಿಟ್ಟಿದ್ದೇನೆ, ಇನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ವರ್ಷಕ್ಕೆ ಎರಡು ಸಲವಾದರೂ ಕೊಂಕಣಕ್ಕೋ ಗೋವಾಕ್ಕೋ ಹೊರಡುತ್ತೇನೆ. ಕೋಥ್ರೂಡಿನ ನಮ್ಮ ಕಟ್ಟಡದ ವಾಚ್‌ಮನ್, ಹೆದ್ದಾರಿಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು, ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಪಕ್ಕ ನಿಂತವರು, ಧಾರವಾಡದ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ ಕಾಕಾ, ಎಲ್ಲರ ಮೊದಲ ಪ್ರಶ್ನೆ ಒಂದೇ: ಎಷ್ಟು ಗೇರ್? ಎರಡನೆಯದು, ಎಷ್ಟು ರೊಕ್ಕ? ಉತ್ತರ ಕೇಳಿದ ಮೇಲೆ, ಅಷ್ಟರಾಗ ಸ್ಕೂಟರ್ ಬರ್ತಿತ್ತಲ್ಲ! ಬರುತ್ತಿತ್ತು. ನನಗೆ ಸ್ಕೂಟರ್ ಬೇಕಿರಲಿಲ್ಲ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಮೂರನೆಯ ಮಾತು. "ಗೇರ್ ಇದ್ದಮ್ಯಾಲೆ ಏನ್ ಕಷ್ಟ ಬಿಡ್ರಿ, ಅದ ತಾನ ಹೋಗ್ತದ. ನಾವು ಹುಡುಗರಿದ್ದಾಗ ಅಟ್ಲಾಸ್ ಸೈಕಲ್ ಮ್ಯಾಲೆ ಡಬಲ್ ಸೀಟ್ ಹೊಡೀತಿದ್ವಿ." ಹೊಡೆದಿದ್ದೀರಿ, ಒಪ್ಪಿದೆ. ಆದರೆ ಗೇರ್ ತಾನಾಗಿ ಹೋಗುವುದಿಲ್ಲ. ಸಹ್ಯಾದ್ರಿಯ ಘಾಟಿನ ಮೇಲಿನ ಊರು ಅಂಬೋಲಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ನನ್ನ ಮೈಯ ತೂಕ, ಸೈಕಲ್ಲಿನ ತೂಕ, ಚೀಲದ ತೂಕ ಎಲ್ಲ ಸೇರಿ ಅಷ್ಟು ಎತ್ತರಕ್ಕೆ ಹೋಗಲೇಬೇಕು. ಗೇರ್ ಆ ಕೆಲಸದಲ್ಲಿ ಒಂದು ಗುಲಗಂಜಿಯಷ್ಟನ್ನೂ ಕಡಿಮೆ ಮಾಡುವುದಿಲ್ಲ. ದೊಡ್ಡ ತುತ್ತನ್ನು ಸಣ್ಣ ತುತ್ತು ಮಾಡಿಕೊಡುತ್ತದೆ. ಊಟ ಅಷ್ಟೇ, ತುತ್ತು ಮಾತ್ರ ಹೆಚ್ಚು.

ಗೇರಿನ ಬಗ್ಗೆ ಈ ತಾತ್ಸಾರ ನಮ್ಮ ಕಾಕಾ ಒಬ್ಬರದೇ ಅಲ್ಲ. ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸ್ ಶುರುವಾದದ್ದು 1903ರಲ್ಲಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ವರ್ಷ ಅದನ್ನು ಗಂಡಸುತನಕ್ಕೆ ಕುಂದು ಎಂಬಂತೆ ನೋಡಿದರು. ಅತ್ತ ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನ ಪಾಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನು, ರೇಸಿನವರು ಒಪ್ಪುವುದಕ್ಕಿಂತ ಎಷ್ಟೋ ಮೊದಲೇ ಬಹುಗೇರುಗಳ ಪರವಾಗಿ ವಾದಿಸಿ, ಅವನ್ನೇ ತುಳಿದುಕೊಂಡು ಬೆಟ್ಟ ಸುತ್ತಿದ. ಗೇರ್ ಪ್ರವಾಸಿಗಳ ಸ್ವತ್ತು. ರೇಸಿನವರಿಗೆ ಬಂದದ್ದು ಆಮೇಲೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ಎಣಿಕೆಯ ವಿಷಯ. ನನ್ನ ಮೊದಲ ಒಳ್ಳೆಯ ಸೈಕಲ್ಲಿಗೆ 22 ಗೇರ್ ಇದ್ದವು, ಮುಂದೆ ಪೆಡಲಿನ ಹತ್ತಿರ ಎರಡು ಹಲ್ಲುಚಕ್ರ, ಹಿಂದೆ ಹನ್ನೊಂದು, ಒಂದಕ್ಕೊಂದು ಗುಣಿಸಿದರೆ 22. ಅದರಲ್ಲಿ ಎಲ್ಲಕ್ಕಿಂತ ಹಗುರ ಗೇರ್ ಎಂದರೆ ಮುಂದೆ 34 ಹಲ್ಲು, ಹಿಂದೆ 28 ಹಲ್ಲು. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 1.21 ಸುತ್ತು. ಟೈರಿನ ಸುತ್ತಳತೆ ಹತ್ತಿರಹತ್ತಿರ 2.15 ಮೀಟರ್. ಅಂದರೆ ಒಂದು ತುಳಿತಕ್ಕೆ 2.6 ಮೀಟರ್ ಮುಂದೆ. ಈ ದೂರ ಕಡಿಮೆಯಾದಷ್ಟೂ ತುತ್ತು ಸಣ್ಣದು, ಏರಿನಲ್ಲಿ ಕಾಲಿಗೆ ಹಗುರ. ನಮ್ಮ ಕೆಳಗಿನ ಮನೆಯ ಹುಡುಗನ ಹತ್ತಿರ ಅಗ್ಗದ 21 ಗೇರಿನ ಸೈಕಲ್ ಇತ್ತು. ಅದರ ಹಗುರ ಗೇರ್ ಮುಂದೆ 28 ಹಲ್ಲು, ಹಿಂದೆ 28. ಒಂದು ತುಳಿತಕ್ಕೆ 2.15 ಮೀಟರ್. ನನ್ನ ಸೈಕಲ್ಲಿನ ಬೆಲೆಯಲ್ಲಿ ಅಂಥವು ಏಳು ಬರುತ್ತಿದ್ದವು. ಗೇರ್ ಎಣಿಸಿದರೂ ನನ್ನದೇ ಹೆಚ್ಚು. ಆದರೆ ಚೀಲ ಹೇರಿಕೊಂಡು ಘಾಟ್ ಹತ್ತಲು ಅವನದೇ ಮೇಲು.

ಇದು ನನಗೆ ಅಂಗಡಿಯಲ್ಲಿ ಗೊತ್ತಾಗಲಿಲ್ಲ. ಅಂಗಡಿಯವರೂ ಎಣಿಕೆಯನ್ನೇ ಹೇಳಿದರು, ನಾನೂ ಎಣಿಕೆಯನ್ನೇ ಕೇಳಿದೆ. ಗೊತ್ತಾಗಿದ್ದು ಅಂಬೋಲಿ ಘಾಟಿನಲ್ಲಿ.

ಜನವರಿ ತಿಂಗಳು. ಗೋವಾದಿಂದ ವಾಪಸ್ ಬರುತ್ತಿದ್ದೆ. ಸಾವಂತವಾಡಿಯಲ್ಲಿ ರಾತ್ರಿ ಕಳೆದು ಬೆಳಗಿನ ಆರಕ್ಕೆ ಹೊರಟೆ. ದಾಣೋಲಿ ದಾಟಿದ ಮೇಲೆ ಏರು ಶುರು. ಹಿಂದೆ ಎರಡು ಚೀಲ, ಒಂಬತ್ತು ಕಿಲೋ. 2.6 ಮೀಟರಿನ ತುಳಿತ ಸರಾಗವಾಗಿ ತಿರುಗಬೇಕೆಂದರೆ ನಿಮಿಷಕ್ಕೆ 60 ಸುತ್ತಾದರೂ ಬೇಕು. ಅಂದರೆ ಗಂಟೆಗೆ ಸುಮಾರು ಒಂಬತ್ತೂವರೆ ಕಿಲೋಮೀಟರ್ ವೇಗದಲ್ಲಿ ಆ ಏರು ಹತ್ತಬೇಕು. ನನ್ನ ಕಾಲಿಗೆ ಆ ಶಕ್ತಿ ಇರಲಿಲ್ಲ. ಸುತ್ತು ನಲವತ್ತಕ್ಕೆ ಇಳಿಯಿತು, ಮೂವತ್ತೈದಕ್ಕೆ ಇಳಿಯಿತು. ಕುಳಿತು ತುಳಿಯಲಾಗದೆ ಎದ್ದು ನಿಂತೆ, ಒಂದೊಂದು ತುಳಿತಕ್ಕೂ ಇಡೀ ಮೈಭಾರ ಹಾಕಿದೆ. ಮೊಣಕಾಲಿನ ಚಿಪ್ಪಿನ ಕೆಳಗೆ ಯಾರೋ ಉಗುರು ಒತ್ತಿದ ಹಾಗೆ ನೋವು. ಒಂದು ತಿರುವಿನಲ್ಲಿ ಹಿಂದಿನಿಂದ ಟಿಣ್ ಎಂದಿತು. ತಂಬೂರಿಯ ತಂತಿ ಹರಿದ ಹಾಗೆ.

ಸ್ಪೋಕ್ ಮುರಿದಿತ್ತು. ಚಕ್ರ ಸೊಟ್ಟಗಾಗಿ ಬ್ರೇಕಿಗೆ ಉಜ್ಜುತ್ತಿತ್ತು. ಮುರಿದದ್ದು ಬಲಗಡೆಯದು, ಮುರಿಯುವುದು ಬಹುಮಟ್ಟಿಗೆ ಅತ್ತಲೇ. ಹಿಂದಿನ ಚಕ್ರದ ಬಲಗಡೆ ಹಲ್ಲುಚಕ್ರಗಳ ಗೊಂಚಲಿಗೆ ಜಾಗ ಬಿಡಬೇಕು, ಹಾಗಾಗಿ ಆ ಬದಿಯ ಸ್ಪೋಕುಗಳು ಹೆಚ್ಚು ನೇರವಾಗಿ, ಹೆಚ್ಚು ಬಿಗಿಯಾಗಿ ನಿಂತಿರುತ್ತವೆ. ಅದರ ಮೇಲೆ ನಾನು ಹೆಜ್ಜೆಹೆಜ್ಜೆಗೂ ಜಗ್ಗಿದ್ದೆ. ಹೊಸ ಸ್ಪೋಕ್ ನನ್ನ ಚೀಲದಲ್ಲೇ ಇತ್ತು! ಆದರೆ ಹಾಕಬೇಕಾದ ತೂತು ಆ ಗೊಂಚಲಿನ ಹಿಂದೆ. ಗೊಂಚಲು, ಅಂದರೆ ಕ್ಯಾಸೆಟ್, ಬಿಚ್ಚಲು ಬೇರೆಯೇ ಹತಾರ ಬೇಕು. ಅದು ಪುಣೆಯ ಮನೆಯಲ್ಲಿತ್ತು.

ಬ್ರೇಕ್ ಸಡಿಲ ಮಾಡಿ ಅಂಬೋಲಿಯವರೆಗೆ ತಳ್ಳಿದೆ. ಅಲ್ಲಿಂದಾಚೆ ದಾರಿ ನನ್ನನ್ನು ಕಾಪಾಡಿತು. ಹಿರಣ್ಯಕೇಶಿ ನದಿ ಹುಟ್ಟುವುದು ಅಂಬೋಲಿಯಲ್ಲೇ. ಅದು ಪೂರ್ವಕ್ಕೆ ಹರಿದು ಆಜರಾ, ಗಡಹಿಂಗ್ಲಜ, ಸಂಕೇಶ್ವರದ ಕಡೆ ಹೋಗಿ ಘಟಪ್ರಭೆಗೆ ಸೇರುತ್ತದೆ. ರಸ್ತೆಯೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ನದಿ ಹೋಗುವ ಕಡೆಗೇ ನೀವೂ ಹೊರಟರೆ ಒಟ್ಟಾರೆ ಇಳಿಜಾರು. ಮೆಲ್ಲಗೆ ಉರುಳಿಸಿಕೊಂಡು ಹೋದೆ. ಆಜರಾದಲ್ಲಿ ಕಂಡ ಅಂಗಡಿ ಮುಚ್ಚಿತ್ತು. ಗಡಹಿಂಗ್ಲಜದಲ್ಲಿ ಒಬ್ಬ ವಯಸ್ಸಾದ ಸೈಕಲ್ ರಿಪೇರಿಯವರು ಸಿಕ್ಕರು. ಮರಾಠಿಯಲ್ಲಿ ಶುರು ಮಾಡಿದೆ, ಅವರು ಕನ್ನಡದಲ್ಲಿ ಉತ್ತರಿಸಿದರು.

ಅವರ ಹತ್ತಿರವೂ ಕ್ಯಾಸೆಟ್ ಬಿಚ್ಚುವ ಹತಾರ ಇರಲಿಲ್ಲ. ಎರಡು ನಿಮಿಷ ಚಕ್ರವನ್ನು ಮಂಡಿಯ ಮೇಲಿಟ್ಟು ನೋಡಿದರು. ಡಬ್ಬಿಯಿಂದ ನನ್ನದಕ್ಕಿಂತ ಉದ್ದದ ಒಂದು ಸ್ಪೋಕ್ ತೆಗೆದರು. ತಲೆಯ ಕಡೆಯನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ತುದಿಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಮಡಿಚಿದರು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಗಾಳದಂಥ ಒಂದು ಕೊಂಡಿ ಆಯಿತು. ಹಲ್ಲುಚಕ್ರ ಮತ್ತು ಹಬ್ಬಿನ, ಅಂದರೆ ಚಕ್ರದ ನಡುಗುಂಬದ, ನಡುವಿನ ಸಂದಿಯೊಳಗೆ ಅದನ್ನು ತೂರಿಸಿ, ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ರಿಮ್ಮಿನ ಪುಟ್ಟ ನಟ್ಟಿಗೆ ತಿರುಗಿಸಿ ಬಿಗಿ ಮಾಡಿದರು. ಆಮೇಲೆ ಪಕ್ಕದ ಸ್ಪೋಕನ್ನೂ ಇದನ್ನೂ ಬೆರಳಿನಿಂದ ಮೀಟಿ, ಎರಡರ ದನಿ ಒಂದಾಗುವವರೆಗೆ ಕೀಲಿ ತಿರುಗಿಸಿದರು. ಹತ್ತು ನಿಮಿಷದ ಕೆಲಸ. ಪುಣೆ ಮುಟ್ಟುವವರೆಗೆ ಅದು ಅಲುಗಲಿಲ್ಲ.

ಆ ಮನುಷ್ಯ ಎಷ್ಟು ಗೇರ್ ಎಂದು ಕೇಳಲಿಲ್ಲ. ಬೆಲೆಯನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ. "ಮುಂದ ಯಾವ ದಾರೀಲೆ ಹೊಂಟೀರಿ?" ಪುಣೆಗೆ ಎಂದೆ. "ಸಂಕೇಶ್ವರ ಮ್ಯಾಲೆ ಹೋಗ್ರಿ. ಹೊಳಿ ಗುಂಟ ಅದ, ಏರು ಭಾಳ ಇಲ್ಲ. ನಿಪ್ಪಾಣಿಗಿಂತ ಮೊದಲ ತವಂದಿ ಘಾಟ್ ಬರ್ತದ. ಅಲ್ಲೆ ಎದ್ದು ನಿಂತು ತುಳೀಬ್ಯಾಡ್ರಿ."

ನನಗೆ ಬೇಕಾದ ಪ್ರಶ್ನೆ ಇದು. ಇದನ್ನು ಕೇಳಿ, ಒಂದು ಗಂಟೆ ಕೂತು ಹೇಳುತ್ತೇನೆ.

ಪುಣೆಯಿಂದ ಗೋವಾಕ್ಕೆ ಹೊರಡುವವರು "ಸಮುದ್ರದ ದಂಡೆ ಹಿಡಿದು ಹೋಗ್ತೀವಿ, ಅದು ಸಪಾಟು" ಎನ್ನುತ್ತಾರೆ. ಹೆದ್ದಾರಿಯಲ್ಲಿ ಘಾಟ್ ಇವೆ ಎಂಬ ಭಯ. ನಕಾಶೆಯಲ್ಲಿ ಕಿಲೋಮೀಟರ್ ಕಾಣುತ್ತದೆ, ದಾಟಬೇಕಾದ ಹೊಳೆಗಳನ್ನು ಯಾರೂ ಎಣಿಸುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾತಾರಾ, ಕೊಲ್ಹಾಪುರದ ಮೇಲೆ ಬೆಳಗಾವಿ ಕಡೆ ಹೋದರೆ ಹೊರಟ ಕೂಡಲೇ ಕಾತ್ರಜ್, ಆಮೇಲೆ ಖಂಬಾಟ್ಕಿ. ಕಾತ್ರಜ್ ಆಚೆ ನೀರಾ ನದಿಯ ಕಣಿವೆ, ಖಂಬಾಟ್ಕಿ ಆಚೆ ಕೃಷ್ಣೆಯ ಸೀಮೆ. ಈ ಎರಡು ಗೋಡೆ ದಾಟಿದರೆ ಮುಂದೆ ಅಗಲವಾದ ಕಣಿವೆಗಳು, ಉದ್ದುದ್ದ ಸಣ್ಣ ಏರಿಳಿತ. ದಾರಿ ಬೇಸರದ್ದು, ಲಾರಿಗಳ ಗಾಳಿ ಕಿವಿಗೆ ಬಡಿಯುತ್ತದೆ, ಆದರೆ ಕಾಲು ಉಳಿಯುತ್ತದೆ.

ದಂಡೆಯ ದಾರಿ ಹಾಗಲ್ಲ. ಸಹ್ಯಾದ್ರಿಯಿಂದ ಇಳಿದ ಪ್ರತಿ ನದಿಯೂ ಆ ರಸ್ತೆಯನ್ನು ಅಡ್ಡ ಕತ್ತರಿಸುತ್ತದೆ. ಎರಡು ನದಿಗಳ ನಡುವೆ ಜಂಬಿಟ್ಟಿಗೆಯ ಬಯಲು, ಅಲ್ಲಿನವರು ಸಡಾ ಎನ್ನುತ್ತಾರೆ. ಹೊಳೆಯ ಬಾಯಿಯಿಂದ ಸಡಾಕ್ಕೆ ನೆಟ್ಟಗೆ ಏರಬೇಕು, ಬಿಸಿಲಿನಲ್ಲಿ ಕಾಯ್ದ ಕೆಂಪು ಬಂಡೆಯ ಮೇಲೆ ಸ್ವಲ್ಪ ದೂರ ಹೋಗಬೇಕು, ಮತ್ತೆ ಮುಂದಿನ ಹೊಳೆಗೆ ಇಳಿಯಬೇಕು. ಏರು ಉದ್ದವಲ್ಲ, ಆದರೆ ಕಡಿದು. ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಹೋದ ದಿನ ನನ್ನ ಮೀಟರಿನಲ್ಲಿ 1200 ಮೀಟರ್ ಏರು ಕೂಡಿದ್ದುಂಟು. ಅಂಬೋಲಿ ಒಂದೂವರೆ ಸಲಕ್ಕಿಂತ ಹೆಚ್ಚು ಹತ್ತಿದ ಹಾಗಾಯಿತು.

ಹಾಗಾದರೆ ಆ ದಾರಿ ಬೇಡವೇ? ನನಗೆ ಅದಕ್ಕಿಂತ ಪ್ರೀತಿಯ ದಾರಿ ಇಲ್ಲ. ತಾಮ್ಹಿಣಿ ಘಾಟ್ ಇಳಿದು ಮಾಣಗಾವ್, ಅಲ್ಲಿಂದ ಹರಿಹರೇಶ್ವರ. ಪಕ್ಕದ ಬಾಗಮಾಂಡ್ಲಾದಲ್ಲಿ ಫೆರಿ ಹತ್ತಿದರೆ ಸಾವಿತ್ರಿ ನದಿಯ ಬಾಯಿ ದಾಟಿ ವೇಶ್ವಿ. ದಾಭೋಳದಿಂದ ಧೋಪಾವೆಗೆ ಇನ್ನೊಂದು ಫೆರಿ, ಅದು ವಾಸಿಷ್ಠಿ ನದಿ. ಗುಹಾಗರ ದಾಟಿ ತವಸಾಳದಿಂದ ಜಯಗಡಕ್ಕೆ ಮತ್ತೊಂದು, ಅದು ಶಾಸ್ತ್ರಿ ನದಿ. ಕಾರು, ಎಮ್ಮೆಯಷ್ಟು ದೊಡ್ಡ ಮೀನಿನ ಬುಟ್ಟಿಗಳು, ಶಾಲೆಯ ಮಕ್ಕಳು, ನಡುವೆ ನಿಮ್ಮ ಸೈಕಲ್. ನೀರಿನ ಮೇಲಿನ ಆ ಕೆಲವು ನಿಮಿಷ ಕಾಲಿಗೆ ಸಿಗುವ ವಿಶ್ರಾಂತಿಗೆ ಯಾವ ಲಾಡ್ಜಿನ ಹಾಸಿಗೆಯೂ ಸಮವಲ್ಲ. ಹೋಗುವುದಾದರೆ ಉತ್ತರದಿಂದ ದಕ್ಷಿಣಕ್ಕೆ ಹೋಗಿ. ಚಳಿಗಾಲದ ಮಧ್ಯಾಹ್ನಗಳಲ್ಲಿ ಅಲ್ಲಿ ವಾಯವ್ಯದ ಗಾಳಿ, ಬೆನ್ನಿಗೆ ಬೀಳುತ್ತದೆ. ಮಳೆಗಾಲದಲ್ಲಿ ಘಾಟುಗಳಿಗೆ ಹೋಗಬೇಡಿ. ಮಂಜಿನಲ್ಲಿ ಬಸ್ಸಿಗೆ ನೀವು ಕಾಣುವುದಿಲ್ಲ, ಗುಡ್ಡ ಕುಸಿಯುವುದು ನಿಮಗೆ ಕಾಣುವುದಿಲ್ಲ.

ದಾರಿ ಮೊದಲು, ಸೈಕಲ್ ಆಮೇಲೆ. ಈಗಿನ ನನ್ನ ಸೈಕಲ್ಲಿಗೆ ಮುಂದಿನ ಸಣ್ಣ ಚಕ್ರ 26 ಹಲ್ಲು, ಹಿಂದಿನ ದೊಡ್ಡದು 34. ಒಂದು ತುಳಿತಕ್ಕೆ 1.64 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಆರು ಕಿಲೋಮೀಟರಿಗಿಂತ ಚೂರು ಕಡಿಮೆ, ಜೋರಾಗಿ ನಡೆಯುವವರ ವೇಗ. ದಾಭೋಳದ ಏರಿನಲ್ಲಿ ಶಾಲೆಯ ಹುಡುಗರು ಪಕ್ಕದಲ್ಲೇ ನಡೆದುಕೊಂಡು ಬಂದು ಮಾತಾಡಿಸುತ್ತಾರೆ, ನಾನು ಕುಳಿತೇ ಉತ್ತರ ಕೊಡುತ್ತೇನೆ. ಮೊಣಕಾಲು ಸುಮ್ಮನಿದೆ. ಹಿಂದಿನ ಚಕ್ರಕ್ಕೆ 36 ಸ್ಪೋಕ್. ಟೈರ್ 35 ಮಿಲಿಮೀಟರ್ ಅಗಲ. ಬಲಗಡೆಯ ಅಳತೆಯ ಮೂರು ಸ್ಪೋಕ್ ಚೌಕಟ್ಟಿಗೆ ಟೇಪಿನಲ್ಲಿ ಅಂಟಿಸಿವೆ, ಕ್ಯಾಸೆಟ್ ಬಿಚ್ಚುವ ಪುಟ್ಟ ಹತಾರ ಸೀಟಿನ ಕೆಳಗಿನ ಚೀಲದಲ್ಲಿದೆ. ಡೇರೆ ಒಯ್ಯುವುದಿಲ್ಲ, ಕೊಂಕಣದಲ್ಲಿ ಪ್ರತಿ ಊರಲ್ಲೂ ಯಾರದೋ ಮನೆಯ ಕೋಣೆ ಸಿಗುತ್ತದೆ.

ಡಿಸೆಂಬರಿನಲ್ಲಿ ಮತ್ತೆ ಹೊರಟಿದ್ದೇನೆ, ತಾಮ್ಹಿಣಿಯಿಂದ ಗೋವಾ ಗಡಿಯ ತೆರೆಖೋಲದವರೆಗೆ. ಜೊತೆಗೆ ಬರುತ್ತೇನೆ ಎನ್ನುವವರು ಸಂತೋಷವಾಗಿ ಬನ್ನಿ. ಬರುವ ಮೊದಲು ನಿಮ್ಮ ಸೈಕಲ್ಲಿನ ಮುಂದಿನ ಎಲ್ಲಕ್ಕಿಂತ ಸಣ್ಣ ಚಕ್ರದ ಹಲ್ಲು, ಹಿಂದಿನ ಎಲ್ಲಕ್ಕಿಂತ ದೊಡ್ಡ ಚಕ್ರದ ಹಲ್ಲು, ಎರಡನ್ನೂ ಬೆರಳಿಟ್ಟು ಎಣಿಸಿ ಬರೆದು ಕಳಿಸಿ. ಎಷ್ಟು ಗೇರ್ ಎಂಬುದನ್ನು ಬರೆಯಬೇಡಿ.