ಕೆರೆಗೋಡು ಮತ್ತು ಗಜನಿ ಕೆಸರು: ವಿನೋಗ್ರಾಡ್‌ಸ್ಕಿ ಬಾಟಲಿಗಳು, 8ನೇ ವಾರ

ಸಿಹಿನೀರಿನ ತಳ, ಉಪ್ಪುನೀರಿನ ತಳ ಎರಡೂ ಕಪ್ಪು ಕೆಸರೇ. ಒಳಗಿನ ಬದುಕನ್ನು ಬೇರೆ ಮಾಡುವುದು ಮುಖ್ಯವಾಗಿ ಸಲ್ಫೇಟ್. ಸಮುದ್ರದ ಲೀಟರ್ ನೀರಿನಲ್ಲಿ ಅದು ಸುಮಾರು 2.7 ಗ್ರಾಂ, ಕೆರೆಯಲ್ಲಿ ಸಾಮಾನ್ಯವಾಗಿ ಮಿಲಿಗ್ರಾಂಗಳ ಲೆಕ್ಕ. ಗಾಳಿಯಾಡದ ಕೆಸರಿನಲ್ಲಿ ಸಲ್ಫೇಟ್ ಇದ್ದರೆ ಆಮ್ಲಜನಕದ ಬದಲು ಅದನ್ನು ಉಸಿರಾಡುವ ಬ್ಯಾಕ್ಟೀರಿಯಾಗಳದೇ ಮೇಲುಗೈ, ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಇಲ್ಲದಿದ್ದರೆ ಮೀಥೇನ್. ಇದನ್ನು ಕಣ್ಣಾರೆ ನೋಡಲು ಮೂರು ವಿನೋಗ್ರಾಡ್‌ಸ್ಕಿ ಬಾಟಲಿ, ಅಂದರೆ ಕೆಸರು ತುಂಬಿ ಬೆಳಕಿಗಿಟ್ಟು ಬ್ಯಾಕ್ಟೀರಿಯಾ ಪದರ ಪದರವಾಗಿ ಬೆಳೆಯುವುದನ್ನು ನೋಡುವ ಬಾಟಲಿ: ಬರೀ ಕೆರೆಗೋಡು, ಕೆರೆಗೋಡು ಮತ್ತು ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್), ಅಘನಾಶಿನಿ ಅಳಿವೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕೆಸರು. ಗಜನಿ ಕೆಸರನ್ನು ಬೇಸಿಗೆಯಲ್ಲೇ ತೆಗೆಯಬೇಕು; ಮಳೆಗಾಲದಲ್ಲಿ ಹೊಳೆ ಉಕ್ಕಿ ಉಪ್ಪು ಕಳೆದುಹೋಗಿರುತ್ತದೆ.

ಬಾಟಲಿ 2 ಲೀಟರಿನದು, ಕುತ್ತಿಗೆ ಕತ್ತರಿಸಿದ್ದು. ಕಲ್ಲು, ಬೇರು, ಎಲೆ ತೆಗೆದ ಕೆಸರನ್ನು ದೋಸೆ ಹಿಟ್ಟಿನ ಹದಕ್ಕೆ ಅದರದೇ ಜಾಗದ ನೀರಿನಲ್ಲಿ ಕಲಸಿದೆ. ಅದರಲ್ಲಿ 500 ಮಿ.ಲೀ.ಗೆ ಸಣ್ಣಗೆ ಹರಿದ ನ್ಯೂಸ್‌ಪೇಪರ್ 5 ಗ್ರಾಂ, ಮೊಟ್ಟೆ ಚಿಪ್ಪಿನ ಪುಡಿ 10 ಗ್ರಾಂ ಬೆರೆಸಿ ತಳಕ್ಕೆ ಹಾಕಿದ್ದು. ಎರಡನೆಯದಕ್ಕೆ ಮಾತ್ರ ಜಿಪ್ಸಂ 5 ಗ್ರಾಂ. ಮೇಲೆ ಬರೀ ಕೆಸರು 10 ಸೆಂ.ಮೀ., ನೀರು 4 ಸೆಂ.ಮೀ. ಬಾಯಿಗೆ ಸೂಜಿಯಿಂದ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ. ಬಿಗಿಯಾಗಿ ಮುಚ್ಚಿದರೆ ಅನಿಲ ಕೂಡಿ ಉಬ್ಬುತ್ತದೆ.

1ನೇ ವಾರ ಮೂರರಲ್ಲೂ ಗುಳ್ಳೆ ಎದ್ದು ಕೆಸರು ಸೀಳಿತು. ಕಾಗದ ಉಂಡೆಗಟ್ಟಿದಲ್ಲೇ ಸೀಳು ಹೆಚ್ಚು. ಉದ್ದ ಕಡ್ಡಿಯಿಂದ ಚುಚ್ಚಿ ಅನಿಲ ಬಿಟ್ಟ ಮೇಲೆ ಕೂತಿತು. ಇದನ್ನು ಮೊದಲ ಹತ್ತು ದಿನದಲ್ಲೇ ಮುಗಿಸಬೇಕು. ಆಮೇಲೆ ಕಲಕಿದರೆ ಪದರ ಕೆಡುತ್ತದೆ.

3ನೇ ವಾರಕ್ಕೆ ಗಜನಿ ಬಾಟಲಿ ತಳದಿಂದ ಕಾಡಿಗೆಯಷ್ಟು ಕಪ್ಪು: ಸಲ್ಫೈಡ್ ಕಬ್ಬಿಣದೊಂದಿಗೆ ಕೂಡಿದ ಬಣ್ಣ. ಜಿಪ್ಸಂ ಬಾಟಲಿ ಕಪ್ಪಾದದ್ದು ಒಂದು ವಾರ ತಡವಾಗಿ. ಬರೀ ಕೆರೆಗೋಡು ಬೂದು ಬಣ್ಣದಲ್ಲೇ ಉಳಿದು ಗುಳ್ಳೆ ಬಿಡುತ್ತಲೇ ಇದೆ.

6ನೇ ವಾರ ಗಜನಿ ಬಾಟಲಿಯ ಕಿಟಕಿ ಬದಿಗೆ ನೇರಳೆ ಚುಕ್ಕೆ ಬಂತು. ಈಗ ಅಂಗೈಯಗಲದ ಪಟ್ಟಿ; ಅಳಿವೆಯ ಕೆಸರಿನಲ್ಲಿ ಇಷ್ಟು ಚೆಂದದ ಬಣ್ಣ ಅಡಗಿರುತ್ತದೆ ಎಂಬುದನ್ನು ನೋಡಿಯೇ ನಂಬಬೇಕು. ನೇರಳೆ ಗಂಧಕ ಬ್ಯಾಕ್ಟೀರಿಯಾದ ಕೆಳಗೆ ಹಸಿರು ಗಂಧಕ ಬ್ಯಾಕ್ಟೀರಿಯಾದ ಮಸುಕು ಗೆರೆ: ಹಸಿರಿನವು ಹೆಚ್ಚು ಸಲ್ಫೈಡನ್ನೂ ಕಡಿಮೆ ಬೆಳಕನ್ನೂ ತಾಳುತ್ತವೆ.

ಜಿಪ್ಸಂ ಬಾಟಲಿ ಕಪ್ಪಾಗಿದೆ, ನೇರಳೆ ಬಂದಿಲ್ಲ. ಅನುಮಾನ ಬೆಳಕಿನ ಮೇಲೆ. ಅದು ಬಿಳಿ ಎಲ್‌ಇಡಿ ಕೆಳಗಿತ್ತು. ನೇರಳೆ ಬ್ಯಾಕ್ಟೀರಿಯಾ ಹೀರುವ 800–900 ನ್ಯಾನೋಮೀಟರಿನ ಅವಗೆಂಪು ಎಲ್‌ಇಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉತ್ತರದ ಕಿಟಕಿಗೆ ಸರಿಸಿದೆ. ನೇರ ಬಿಸಿಲು ಬೇಡ, ಕೆಸರು ಬೇಯುತ್ತದೆ.

ಆವಿಯಾದ ನೀರಿಗೆ ಬದಲು ಗಜನಿ ಬಾಟಲಿಗೂ ಸಿಹಿನೀರನ್ನೇ ಹಾಕುತ್ತಿರುವುದು; ಉಪ್ಪು ಒಳಗೇ ಉಳಿದಿರುತ್ತದೆ, ಉಪ್ಪುನೀರು ಸುರಿದರೆ ವಾರವಾರಕ್ಕೂ ಏರುತ್ತದೆ. ಹಾಳೆ ಬಿಚ್ಚುವುದು ಬಯಲಿನಲ್ಲೇ, ಮುಖ ದೂರವಿಟ್ಟು. ಮುಂದಿನ ಅಳತೆ 10ನೇ ವಾರ, ಜಿಪ್ಸಂ ಬಾಟಲಿಯ ಕಿಟಕಿ ಬದಿಯಲ್ಲಿ.