ಅರ್ಧ ಅಂದರೆ ಯಾವುದರ ಅರ್ಧ?

ವೈಸ್‌ರಾಯ್ ಶಾಸನ ಸಭೆಗೆ ಜನರನ್ನು ಆರಿಸಿದ ಬಗೆ ತಿಳಿಯಬೇಕಾದರೆ ಬ್ರಿಟಿಷರು ತಂದ 1861ರ ಭಾರತೀಯ ಪರಿಷತ್ತುಗಳ ಕಾಯ್ದೆಯ ಲೆಕ್ಕ ನೋಡಿ. ಕಾನೂನು ಮಾಡಲೆಂದು ವೈಸ್‌ರಾಯ್‌ನ ಕಾರ್ಯಕಾರಿ ಮಂಡಳಿಗೆ ಸೇರಿಸುವ ಹೆಚ್ಚುವರಿ ಸದಸ್ಯರು 6ರಿಂದ 12, ಅವಧಿ 2 ವರ್ಷ, ಅರ್ಧದಷ್ಟಾದರೂ ಸರ್ಕಾರಿ ನೌಕರಿಯಲ್ಲಿ ಇಲ್ಲದವರು. ಉದಾರವಾಗಿಯೇ ಕಾಣುತ್ತೆ! ಆದರೆ ಆ ಅರ್ಧ ಹೆಚ್ಚುವರಿಯವರದ್ದು ಮಾತ್ರ. 12ರಲ್ಲಿ 6 ಜನ ಹೊರಗಿನವರು ಅಂದುಕೊಳ್ಳಿ. ಉಳಿದ 6 ಅಧಿಕಾರಿಗಳ ಜೊತೆ ಕಾರ್ಯಕಾರಿ ಮಂಡಳಿಯ ಖಾಯಂ ಸದಸ್ಯರೂ ಕೂತರೆ ಬಹುಮತ ಯಾರದು? ಇನ್ನು, ಆ 6 ಜನ ಭಾರತೀಯರೇ ಆಗಬೇಕೆಂದೂ ಇರಲಿಲ್ಲ. ಕಲ್ಕತ್ತದ ಬಿಳಿ ವ್ಯಾಪಾರಿಯಾದರೂ ನಡೆಯುತ್ತಿತ್ತು.

1862ರಲ್ಲಿ ವೈಸ್‌ರಾಯ್ ಕ್ಯಾನಿಂಗ್ ಹೆಸರಿಸಿದ ಭಾರತೀಯರು ಮೂವರು: ಪಟಿಯಾಲದ ಮಹಾರಾಜ, ಬನಾರಸಿನ ರಾಜಾ ದೇವನಾರಾಯಣ ಸಿಂಗ್, ಗ್ವಾಲಿಯರಿನ ದಿವಾನರಾಗಿದ್ದ ದಿನಕರ ರಾವ್. ಆಡಳಿತ ಅರೆದು ಕುಡಿದ ದಿನಕರ ರಾಯರಂಥವರಿಗೂ ಅಲ್ಲಿ ಪ್ರಶ್ನೆ ಕೇಳುವ ಹಕ್ಕಿಲ್ಲ, ಬಜೆಟ್ ಮುಟ್ಟುವ ಹಾಗಿಲ್ಲ. ಮುಂದಿಟ್ಟ ಮಸೂದೆಯ ಮೇಲಷ್ಟೇ ಮಾತು.

1892ರ ಕಾಯ್ದೆ ಬಂದ ಮೇಲೆ ಕಲ್ಕತ್ತದ ವಾಣಿಜ್ಯ ಮಂಡಳಿ, ಪ್ರಾಂತೀಯ ಸಭೆಗಳ ಅಧಿಕಾರಿಗಳಲ್ಲದ ಸದಸ್ಯರು ಹೆಸರು ಶಿಫಾರಸು ಮಾಡಬಹುದಾಯಿತು. ಚುನಾವಣೆಯೇ, ಆದರೆ ಹಾಗೆ ಕರೆಯುವಂತಿಲ್ಲ. ನೇಮಕದ ರುಜು ವೈಸ್‌ರಾಯ್‌ದೇ. ಪ್ರಶ್ನೆ ಕೇಳಲೂ ಬಿಟ್ಟರು. ಉತ್ತರದ ಬೆನ್ನಿಗೇ ಕೇಳುವ ಉಪಪ್ರಶ್ನೆಗೆ ಮಾತ್ರ 1909ರವರೆಗೆ ಕಾಯಬೇಕಾಯಿತು.